ದಡದ ಮರಕ್ಕೆ ಫೋಕಸ್

ಅಕ್ಕ: ಇದು ಯಾರ ಮೊಣಕೈ ಅಂತ ಕೇಳ್ದೆ.

ಗಂಡ: ನಿಮ್ಮದೇ ಅತ್ತಿಗೆ.

ಅಕ್ಕ: ಇಡೀ ನೃತ್ಯದಲ್ಲಿ ನನ್ನ ಪಾಲಿಗೆ ಬಂದಿದ್ದು ಒಂದು ಮೊಣಕೈಯಾ?

ಗಂಡ: ಅವಸರ ಮಾಡ್ಬೇಡಿ. ಮುಂದೆ ಜಡೆನೂ ಬರುತ್ತೆ.

(ಫೋಟೊ ಸ್ಟುಡಿಯೊ ಒಂದರ ಹಿಂದಿನ ಕೋಣೆ. ಪಾಸ್‌ಪೋರ್ಟ್ ಫೋಟೊಗಳಿಗೆಂದು ಗೋಡೆಗೆ ಇಳಿಬಿಟ್ಟ ನೀಲಿ ಪರದೆ, ಅದರ ಮುಂದೆ ಒಂದು ಸ್ಟೂಲು. ಮಿಕ್ಕ ಜಾಗವನ್ನೆಲ್ಲ ವಿಡಿಯೊ ಟೇಪುಗಳ ರಟ್ಟಿನ ಪೆಟ್ಟಿಗೆಗಳು ನುಂಗಿವೆ. ಗಂಡ, ಅಂದರೆ ಸ್ಟುಡಿಯೊದ ಯಜಮಾನ, ಟೇಪುಗಳ ಬೂಷ್ಟನ್ನು ಹತ್ತಿಯಿಂದ ಒರೆಸಿ, ಒಂದೊಂದನ್ನೇ ಓಡಿಸಿ ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ. ಅವನ ಹೆಂಡತಿಯ ಅಕ್ಕ ನೃತ್ಯತಂಡ ಕಟ್ಟಿದವಳು. ಮುಖ್ಯ ಪಾತ್ರ ಯಾವಾಗಲೂ ಅವಳದೇ. ತಂಗಿಯದು ಹಿಂದಿನ ಸಾಲು. ಮೂವತ್ತು ವರ್ಷದ ಚಿತ್ರೀಕರಣ ಇವನದೇ, ಪುಕ್ಕಟೆ. ನಾಳೆ ಬೆಳಿಗ್ಗೆ ನೃತ್ಯ ಸಂಗ್ರಹಾಲಯದವರು ಬರುತ್ತಾರೆ. ಅಕ್ಕನ ‘ನದಿ’ ನೃತ್ಯ ಮೊದಲಿನಿಂದ ಕೊನೆಯವರೆಗೆ ಇರುವ ಒಂದು ಟೇಪು ಅವರಿಗೆ ಬೇಕು, ಶಾಶ್ವತವಾಗಿ ಕಾಪಾಡಿಡಲು.)

ಅಕ್ಕ: ಟೀವಿ ತುಂಬ ನಿಂತಿರೋದು ಯಾರು?

ಗಂಡ: ಮರ.

ಅಕ್ಕ: ಅದು ಗೊತ್ತು. ನದಿ ದಡದ ಮರ, ನನ್ನ ತಂಗಿ, ನಿಮ್ಮ ಹೆಂಡ್ತಿ. ಸಭಾಂಗಣದಲ್ಲಿದ್ದ ಜನ ಎಲ್ಲ ನದಿ ನೋಡ್ತಿದ್ರೆ ನೀವೊಬ್ರು ಮರ ನೋಡ್ತಾ ನಿಂತಿದ್ರಾ?

ಗಂಡ: ನದಿ ಒಂದು ಕಡೆ ನಿಲ್ತಿರ್ಲಿಲ್ಲ ಅತ್ತಿಗೆ. ಮರ ನಿಂತಲ್ಲೇ ಇತ್ತು. ಫೋಕಸ್‌ಗೆ ಅನುಕೂಲ.

ಅಕ್ಕ: ಹಾಗಾದ್ರೆ ಬಾಗಿಲನ್ನೇ ಶೂಟ್ ಮಾಡಬಹುದಿತ್ತಲ್ಲ, ಅದು ಇನ್ನೂ ಅಲ್ಲಾಡಲ್ಲ. ಯಾಕೆ ಪುಟ್ಟಿ, ನೀನು ಹೇಳ್ಕೊಟ್ಟಿದ್ದಾ ಇದನ್ನ?

ತಂಗಿ: ನಾನಾ? ಕ್ಯಾಮೆರಾ ನನ್ನ ಮೇಲಿದೆ ಅಂತ ಗೊತ್ತಿದ್ದಿದ್ರೆ ಹೀಗೆ ಆಕಳಿಸ್ತಿದ್ನಾ? ನೋಡು, ನೋಡು! ಅಯ್ಯೋ, ಆ ಬಾಯಿ ನೋಡು! ರೀ, ನಿಲ್ಲಿಸ್ರೀ ಅದನ್ನ!

ಗಂಡ: ಇರ್ಲಿ ಬಿಡು. ಸಂಜೆ ಹೊತ್ತಲ್ಲಿ ಮರಗಳೂ ಎಲೆ ಮುದುಡ್ತವೆ.

ತಂಗಿ: ಇದನ್ನ ಸಂಗ್ರಹಾಲಯದವರು ಏನು ಮಾಡ್ತಾರೆ?

ಗಂಡ: ತಂಪು ಕೋಣೆಯಲ್ಲಿ ಇಡ್ತಾರೆ. ಧೂಳು ತಾಗಲ್ಲ, ಬೂಷ್ಟು ಬರಲ್ಲ. ನೂರು ವರ್ಷ ಆದ್ಮೇಲೂ ಹೀಗೇ ಇರುತ್ತೆ.

ತಂಗಿ: ನಮ್ಮ ಮನೆಗೆ ಒಂದು ಫ್ಯಾನ್ ಹಾಕ್ಸಿ ಅಂದ್ರೆ ಆಗಲ್ಲ, ನನ್ನ ಆಕಳಿಕೆಗೆ ತಂಪು ಕೋಣೆ!

ಅಕ್ಕ: ನಿನಗೆ ಆಕಳಿಕೆಯಾದ್ರೂ ಸಿಕ್ಕಿತಲ್ಲ ಕಣೇ. ನಾನು ಎಲ್ಲಿದೀನಿ? ಬೇರೆ ಟೇಪ್ ಹಾಕಿ. ಆ ಅರಮನೆಯ ನೃತ್ಯ ಹಾಕಿ, ಅದರಲ್ಲಿ ನಾನು ರಾಣಿ. ರಾಣಿನ ಬಿಟ್ಟು ಬೇರೆ ಏನು ತೆಗೀತೀರಿ ನೋಡೋಣ.

(ಗಂಡ ಟೇಪು ಬದಲಿಸುತ್ತಾನೆ. ಟೀವಿಯಲ್ಲಿ ಗೀರುಗಳು ಮೂಡುತ್ತವೆ, ಚಿತ್ರ ಕುಣಿಯುತ್ತದೆ, ನಿಲ್ಲುತ್ತದೆ. ಒಂದು ಕಂಬ ಕಾಣಿಸುತ್ತದೆ. ಕಂಬಕ್ಕೆ ಮೂಗುತಿ ಇದೆ.)

ಅಕ್ಕ: ಭೇಷ್!

ತಂಗಿ: ಕಂಬ ಯಾಕೆ ಅಲ್ಲಾಡ್ತಿದೆ?

ಗಂಡ: ಸೊಳ್ಳೆ. ನನಗೆ ಚೆನ್ನಾಗಿ ನೆನಪಿದೆ, ಎಡಗಾಲಿಗೆ ಕಚ್ಚಿತ್ತು. ಪಾಪ, ಎಷ್ಟು ಸಹಿಸ್ಕೊಂಡು ನಿಂತಿದ್ದೆ ನೀನು!

ಅಕ್ಕ: ಅಲ್ಲಿ ರಾಣಿ ಪಟ್ಟಾಭಿಷೇಕ ಆಗ್ತಿದೆ, ಇವರಿಗೆ ಸೊಳ್ಳೆ ಚಿಂತೆ! ಕಿರೀಟ ಇಟ್ಟಿದ್ದು ಯಾರ ತಲೆ ಮೇಲೆ ಅಂತಾದ್ರೂ ಗೊತ್ತಾ ನಿಮಗೆ?

ಗಂಡ: ನಿಮ್ಮ ತಲೆ ಮೇಲೆ ತಾನೇ? ಚಪ್ಪಾಳೆ ಕೇಳಿಸ್ತಿದೆಯಲ್ಲ. ಧ್ವನಿ ಸ್ಪಷ್ಟವಾಗಿದೆ ಅತ್ತಿಗೆ, ಅದರಲ್ಲಿ ನಾನು ರಾಜಿ ಮಾಡ್ಕೊಂಡಿಲ್ಲ.

ತಂಗಿ: ಅಲ್ಲ ಅಕ್ಕ, ಇಷ್ಟು ವರ್ಷದಲ್ಲಿ ಒಂದು ಸಲವೂ ನೀನು ಈ ಟೇಪುಗಳನ್ನ ಹಾಕ್ಕೊಂಡು ನೋಡ್ಲಿಲ್ವಾ?

ಅಕ್ಕ: ಒಂದು ಮುಗಿಯೋದ್ರೊಳಗೆ ಇನ್ನೊಂದು ಕಾರ್ಯಕ್ರಮ. ಕುಣಿಯೋಳಿಗೆ ಕೂತು ನೋಡೋಕೆ ಪುರುಸೊತ್ತೆಲ್ಲಿ? ಮನೆಯವರೇ ತಾನೇ, ಮೋಸ ಮಾಡಲ್ಲ ಅಂದ್ಕೊಂಡಿದ್ದೆ.

ಗಂಡ: ನಾನೇನು ಮೋಸ ಮಾಡಿದೆ? ನನ್ನ ಹೆಂಡ್ತಿನ ನಾನು ನೋಡೋದು ಮೋಸನಾ?

ಅಕ್ಕ: ಮನೇಲಿ ನೋಡಿ! ದಿನಾ ನೋಡಿ! ಟಿಕೆಟ್ ತಗೊಂಡು ಬಂದ ಜನರ ಮಧ್ಯೆ ನಿಂತು ನೋಡ್ಬೇಕಾ?

ತಂಗಿ: ಮನೇಲಿ ಎಲ್ಲಿ ನೋಡ್ತಾರೆ? ಹೊಸ ಸೀರೆ ಉಟ್ಟು ಎದುರಿಗೆ ನಿಂತ್ರೂ ಪೇಪರಿಂದ ತಲೆ ಎತ್ತಲ್ಲ. ಇವರ ಕಣ್ಣಿಗೆ ಬೀಳಬೇಕಾದ್ರೆ ನಾನು ಕೊಂಬೆ ಕಟ್ಕೊಂಡು ನಿಲ್ಲಬೇಕು.

ಗಂಡ: ನೀನೂ ಶುರು ಮಾಡಿದ್ಯಾ?

ತಂಗಿ: ಮತ್ತೆ? ಮರ, ಕಂಬ, ಬಂಡೆ, ಬೇಲಿ! ಅಕ್ಕ, ನೀನು ನನಗೆ ಕೊಟ್ಟ ಪಾತ್ರದಲ್ಲಿ ಒಂದಕ್ಕಾದ್ರೂ ನಡೆಯೋ ಕಾಲಿತ್ತಾ?

ಅಕ್ಕ: ನೀನು ತಾಳ ತಪ್ತಿದ್ದೆ.

ತಂಗಿ: ಸರಿ ಬಿಡು. ಬೇಲಿಗೆ ತಾಳ ತಪ್ಪಲ್ಲ. ಒಳ್ಳೇ ಗುರು ನೀನು.

(ಅಕ್ಕ ಸ್ಟೂಲಿನ ಮೇಲೆ ಕೂತಳು. ಕೂರುವಾಗ ಬಲಮಂಡಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.)

ಅಕ್ಕ: ನಾಳೆ ಅವರಿಗೆ ಏನು ಕೊಡ್ಲಿ, ಹೇಳಿ? ಈ ಮಂಡಿ ಕೈಕೊಟ್ಟು ಎರಡು ವರ್ಷ ಆಯ್ತು. ನದಿ ಕಲಿಸಿದ ಮೇಷ್ಟ್ರು ಇಲ್ಲ. ಆ ಸಭಾಂಗಣ ಕೆಡವಿ ಕಾರು ನಿಲ್ಲಿಸೋ ಜಾಗ ಮಾಡಿದ್ರು. ನೋಡಿದ ಜನಕ್ಕೆ ವಯಸ್ಸಾಗಿ ಮರೆವು ಬಂದಿದೆ. ನಾನು ಕುಣಿದಿದ್ದೆ ಅನ್ನೋದಕ್ಕೆ ಈ ಪೆಟ್ಟಿಗೆ ಬಿಟ್ರೆ ಸಾಕ್ಷಿ ಇಲ್ಲ. ಪೆಟ್ಟಿಗೆಲಿ ನೋಡಿದ್ರೆ ಸೊಳ್ಳೆ ಇದೆ, ನಾನಿಲ್ಲ.

(ಗಂಡ ಹತ್ತಿಯ ಉಂಡೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಮೂಲೆಯ ಪೆಟ್ಟಿಗೆಗೆ ಕೈ ಹಾಕಿ ತಳದಿಂದ ಒಂದು ಟೇಪು ಎಳೆದ.)

ಗಂಡ: ಒಂದಿದೆ. ನಮ್ಮ ಮಗಳು ಹುಟ್ಟಿದ ಸಂಜೆಯದು. ಇವಳು ಆಸ್ಪತ್ರೇಲಿ. ನಾನು ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗುಂಡಿ ಒತ್ತಿ, ಆಸ್ಪತ್ರೆಗೆ ಓಡಿದ್ದೆ. ಅದರಲ್ಲಿ ಇಡೀ ವೇದಿಕೆ ಬಂದಿರಬೇಕು.

ಅಕ್ಕ: ಅಂದ್ರೆ ನೀವು ಇಲ್ಲದ ದಿನ ನಿಮ್ಮ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡಿದೆ.

ಗಂಡ: ಹಾಕ್ಲಾ, ಬೇಡ್ವಾ?

(ಹಾಕಿದ. ಇಡೀ ವೇದಿಕೆ. ನಡುವೆ ನೀಲಿ ಸೀರೆಯ ನದಿ, ತಲೆಯಿಂದ ಪಾದದವರೆಗೆ. ಬೆಟ್ಟ ಇಳಿಯಿತು, ಬಳುಕಿತು, ಬಯಲಿಗೆ ಬಂತು. ಅಕ್ಕ ಸ್ಟೂಲಿನ ತುದಿಗೆ ಸರಿದು ಕೂತಳು. ಮೂವರೂ ಜಗಳ ಮರೆತರು.)

ತಂಗಿ: ಅಕ್ಕ! ಎಷ್ಟು ಚೆನ್ನಾಗಿದ್ದೆ ನೀನು!

ಅಕ್ಕ: ಶ್‌! ನೋಡು.

(ಬಯಲಿಗೆ ಬಂದ ನದಿ ಹಿಂತಿರುಗಿ ನೋಡಿತು. ಎರಡು ಹೆಜ್ಜೆ ಹಾಕಿ ಮತ್ತೆ ನೋಡಿತು. ಮೂರನೆಯ ಸಲ ನೋಡುವಷ್ಟರಲ್ಲಿ ಎದುರಿನಿಂದ ಬಂದ ಮೀನಿಗೆ ಡಿಕ್ಕಿ ಹೊಡೆಯಿತು. ಮೀನು ಕೂತುಬಿಟ್ಟಿತು.)

ಗಂಡ: ಪ್ರವಾಹ.

ತಂಗಿ: ಸುಮ್ನಿರಿ! ಯಾಕಕ್ಕ, ತಿರುಗಿ ತಿರುಗಿ ಏನು ನೋಡ್ತಿದ್ದೆ?

ಅಕ್ಕ: ಲೈಟ್ ಸರಿಯಿದೆಯಾ ಅಂತ.

ತಂಗಿ: ಲೈಟ್ ಮೇಲಿರುತ್ತೆ. ನೀನು ನೋಡ್ತಿರೋದು ನಾನು ನಿಲ್ಲೋ ಜಾಗ.

ಅಕ್ಕ: ನಿಲ್ಲೋ ಜಾಗದಲ್ಲಿ ನೀನಿದ್ದಿದ್ರೆ ನಾನ್ಯಾಕೆ ನೋಡ್ತಿದ್ದೆ? ಮಧ್ಯಾಹ್ನದಿಂದ ಆಸ್ಪತ್ರೆಯಿಂದ ಒಂದು ಸುದ್ದಿ ಇಲ್ಲ. ಅದರ ಮೇಲೆ ನೀನು ನಿಲ್ಲೋ ಜಾಗ ಖಾಲಿ. ನದಿಗೆ ದಡ ಎಲ್ಲಿ ಅಂತಾನೇ ಗೊತ್ತಾಗ್ಲಿಲ್ಲ.

ತಂಗಿ: ಅವತ್ತು ಆಸ್ಪತ್ರೆಗೆ ಬಂದು, ಪ್ರದರ್ಶನ ಅದ್ಭುತವಾಗಿತ್ತು ಅಂದ್ಯಲ್ಲ?

ಅಕ್ಕ: ಹೆತ್ತು ಮಲಗಿದವಳ ಹತ್ರ ಇನ್ನೇನು ಹೇಳ್ಲಿ? ಮೀನಿಗೆ ಗುದ್ದಿ ಬಂದೆ ಅಂತ್ಲಾ?

(ತಂಗಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ಅದನ್ನು ಕಂಡೂ ಕಾಣದವಳಂತೆ ಗೋಡೆಯ ಕಡೆ ತಿರುಗಿದಳು.)

ಗಂಡ: ಮೀನು ಬೀಳೋದನ್ನ ಕತ್ತರಿಸಿ ಕೊಡ್ಲಾ?

ಅಕ್ಕ: ಕತ್ತರಿಸಿದ್ರೆ ಅವರು ಕೇಳಿದ ಇಡೀ ನೃತ್ಯ ಹೇಗಾಗುತ್ತೆ? ಕತ್ತರಿಸದೆ ಕೊಟ್ರೆ ನೂರು ವರ್ಷ ಮೀನು ಬೀಳ್ತಾನೇ ಇರುತ್ತೆ. ಬೇಡ. ಪುಟ್ಟಿ, ನದಿಯ ಹೆಜ್ಜೆ ನಿನಗೆ ಬರುತ್ತಾ?

ತಂಗಿ: ಅಷ್ಟು ವರ್ಷ ನಿಂತು ಇನ್ನೇನು ನೋಡ್ಲಿ? ಬರುತ್ತೆ. ಆದ್ರೆ ಕೈ, ಕಣ್ಣು, ಮುಖ, ಅದೆಲ್ಲ ನನಗೆ ಬರಲ್ಲ.

ಅಕ್ಕ: ಅದು ನನ್ನ ಹತ್ರ ಇದೆ. ನಾನು ಈ ಸ್ಟೂಲ್ ಮೇಲೆ ಕೂತು ಮಾಡ್ತೀನಿ. ಕಾಲು ನಿನ್ನದು. ಈಗಲೇ ತೆಗೆಯೋಣ, ನಾಳೆ ಅದನ್ನೇ ಕೊಡೋಣ. ಕ್ಯಾಮೆರಾ ರಾಯರೇ, ಏಳಿ!

ತಂಗಿ: ನನ್ನ ತಾಳ?

ಅಕ್ಕ: ತಪ್ಪಿದ್ರೆ ಬೈತೀನಿ. ಬೇಲಿ ಮಾಡಲ್ಲ.

(ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿದರು. ಅಕ್ಕ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಪಕ್ಕದಲ್ಲಿ ತಂಗಿ ಸೀರೆ ಎತ್ತಿ ಕಟ್ಟಿ ನಿಂತಳು. ಗಂಡ ಕ್ಯಾಮೆರಾಕ್ಕೆ ಕಣ್ಣಿಟ್ಟ.)

ಗಂಡ: ಅತ್ತಿಗೆ, ಇಬ್ಬರೂ ಒಟ್ಟಿಗೆ ಕ್ಯಾಮೆರಾದಲ್ಲಿ ಹಿಡಿಯಲ್ಲ.

ಅಕ್ಕ: ಹಿಂದೆ ಹೋಗಿ.

ಗಂಡ: ಹಿಂದೆ ಗೋಡೆ ಇದೆ.

ಅಕ್ಕ: ಹಾಗಾದ್ರೆ ಎರಡು ಸಲ ತೆಗೀರಿ, ಆಮೇಲೆ ಜೋಡಿಸಿ. ಮೊದಲು ನನ್ನ ಮೇಲೆ ಇರ್ಲಿ. ಒಂದು ಸಲವಾದ್ರೂ, ದಯವಿಟ್ಟು, ಕ್ಯಾಮೆರಾ ನನ್ನ ಕಡೆ ತಿರುಗಿಸಿ.

ಗಂಡ: ಆಯ್ತು ಅತ್ತಿಗೆ.

(ತಿರುಗಿಸಿದ. ಅಕ್ಕನ ಕೈಬೆರಳುಗಳು ಮೇಲೆದ್ದವು. ಬೆಟ್ಟದ ತುದಿಯಲ್ಲಿ ನೀರು ಚಿಮ್ಮಿತು. ತಂಗಿ ಮಾತ್ರ ಹೆಜ್ಜೆ ಎತ್ತದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.)

ತಂಗಿ: ರೀ.

ಗಂಡ: ಏನೇ? ಶೂಟಿಂಗ್ ನಡೀತಿದೆ.

ತಂಗಿ: ನಡೀಲಿ, ನಡೀಲಿ. ಮೂವತ್ತು ವರ್ಷ ನನ್ನ ಬಿಟ್ಟು ಅತ್ತಿತ್ತ ತಿರುಗದ ಕ್ಯಾಮೆರಾ, ಇವತ್ತು ಒಂದು ಮಾತಿಗೆ ಹೇಗ್ರೀ ತಿರುಗ್ತು?