ಸರಿಯಾದ ಫೋನ್ ತರತಕ್ಕದ್ದು

ಒಂದು ಸಿಟ್ಟು ಇಳಿಯುವಷ್ಟರಲ್ಲಿ ಇನ್ನೊಂದು ಫೋನ್ ಬರುತ್ತದೆ. ಕಲಬುರಗಿಯಲ್ಲಿ ಕೂತು ಕಮಲಾಪುರದ ಕಾಲೇಜೊಂದರ ವೆಬ್‌ಸೈಟ್ ನೋಡಿಕೊಳ್ಳುವ ನನ್ನ ಹಣೆಬರಹವೇ ಇಷ್ಟು.

೧. ಬಾಣಗಳು

ಸೋಮವಾರ ಪರೀಕ್ಷೆ. ಗುರುವಾರ ವೇಳಾಪಟ್ಟಿ ಸೈಟಿಗೆ ಬಂತು. ಕಾಲೇಜಿನ ಹಳೇ ಸಾಫ್ಟ್‌ವೇರ್ ಅದನ್ನು ಎಕ್ಸ್‌ಎಂಎಲ್ ಕಡತವಾಗಿಯೇ, ಅಂದರೆ ಒಂದೊಂದು ಮಾಹಿತಿಯನ್ನೂ < > ಗುರುತುಗಳ ನಡುವೆ ಇಟ್ಟು, ಕಳಿಸುತ್ತದೆ. ಅದನ್ನು ಪಟ್ಟಿಯಾಗಿ ಜೋಡಿಸಿ ತೋರಿಸುವುದು ಬ್ರೌಸರಿನ ಕೆಲಸ. ಕೆಲವು ಜೋಡಿಸುತ್ತವೆ, ಕೆಲವು ಇದ್ದದ್ದನ್ನು ಇದ್ದಂತೆ ಸುರಿಯುತ್ತವೆ. ಮಹಾಗಾಂವದ ವಿದ್ಯಾರ್ಥಿನಿಯೊಬ್ಬಳು ಅಳುವ ದನಿಯಲ್ಲಿ ಫೋನ್ ಮಾಡಿದಳು.

"ಸರ್, ಬರೇ ಬಾಣದ ಗುರ್ತು ಬರ್ಲಾಕತ್ತಾವ್ರೀ. ನನ್ನ ಪರೀಕ್ಷೆ ಯಾವ ಬಾಣದಾಗ ಅದ?"

೨. ನೋಟಿಸು

ಇದು ಹೀಗಾಗುತ್ತದೆಂದು ಪ್ರಾಂಶುಪಾಲರಿಗೆ ಆರು ತಿಂಗಳಿಂದ ಬಡಕೊಂಡಿದ್ದೆ. ಶುಕ್ರವಾರ ಹೋದರೆ ತಮ್ಮ ಓಬೀರಾಯನ ಕಾಲದ ಕಂಪ್ಯೂಟರ್ ನನ್ನತ್ತ ತಿರುಗಿಸಿದರು.

"ನಂದ್ರಾಗ ಛಲೋ ಕಾಣ್ತದಲ್ರೀ. ತಪ್ಪು ಪೋರಗೋಳ ಫೋನಿಂದು."

ಬಾಗಿಲಿಗೆ ಆಗಲೇ ಮೊಹರು ಹಾಕಿದ ನೋಟಿಸು ಅಂಟಿತ್ತು: 'ವೇಳಾಪಟ್ಟಿ ನೋಡುವವರು ಸರಿಯಾದ ಫೋನ್ ತರತಕ್ಕದ್ದು.'

"ಸರ್, ಈ ಹಾಳಿ ಬದ್ಲಿ ವೇಳಾಪಟ್ಟಿನೇ ಹಚ್ಚಬಹುದಿತ್ತಲ್ರೀ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಹೆಂಗ್ ಹಚ್ಲಿಕ್ಕಿ ಬರ್ತದ್ರೀ? ನಾವು ಕಾಗದ ಬಂದ್ ಮಾಡೇವಿ."

೩. ಟೆಂಪೋದಲ್ಲಿ

ಆ ಹುಡುಗಿಯ ದನಿ ಕಿವಿಯಲ್ಲೇ ಇತ್ತು. ಜೋಡಿಸುವ ಕೆಲಸವನ್ನು ಸೈಟ್ ನಡೆಸುವ ನಮ್ಮ ಸರ್ವರ್ ಕಂಪ್ಯೂಟರಿಗೇ ವಹಿಸಿ, ಯಾವ ಫೋನಿಗೂ ಸಿದ್ಧ ಪುಟವೇ ಹೋಗುವಂತೆ ಬದಲಿಸಿದೆ. ಶನಿವಾರ ಕಮಲಾಪುರದ ಟೆಂಪೋದಲ್ಲಿ ಕಂಡಕಂಡವರ ಫೋನ್ ಬೇಡಿ ಪರೀಕ್ಷಿಸಿದೆ. ಎಲ್ಲದರಲ್ಲೂ ಬಂತು. ಕೆಂಪು ಬಾಳೆಹಣ್ಣಿನ ಬುಟ್ಟಿ ಹಿಡಿದಿದ್ದ ಅಜ್ಜಿಯ ಒಡಕು ಫೋನಿನಲ್ಲೂ ಬಂತು. ಅಜ್ಜಿ ಪಟ್ಟಿಯನ್ನೂ ನನ್ನ ನರೆತ ತಲೆಯನ್ನೂ ನೋಡಿದಳು.

"ಇನ್ನಾ ಪಾಸಾಗಿಲ್ಲೇನೋ ಯಪ್ಪಾ?"

೪. ಮೊಹರು

ಕಾಲೇಜು ಮುಟ್ಟುವಾಗ ಮಹಾಗಾಂವದ ಹುಡುಗಿ ಮತ್ತೆ ಫೋನ್ ಮಾಡಿದಳು. "ಕಾಣ್ತು ಸರ್! ಸೋಮವಾರ ಮುಂಜಾನಿಗೇ ಅದರೀ." ಎರಡು ದಿನದ ಸಿಟ್ಟು ಅರ್ಧ ಇಳಿಯಿತು.

ಒಳಗೆ ಪ್ರಾಂಶುಪಾಲರು ಖಾಲಿ ಪರದೆಯ ಮುಂದೆ ಕೂತಿದ್ದರು. ಹಳೇ ಕಡತವನ್ನಷ್ಟೇ ಬಲ್ಲ ಅವರ ಮುದಿ ಬ್ರೌಸರಿಗೆ ಹೊಸ ಬಗೆಯ ಪುಟ ದಕ್ಕಿರಲಿಲ್ಲ.

"ಎಲ್ಲಾರ್ದೂ ಛಲೋ ಮಾಡಿ ನಂದೊಂದು ಕೆಡಿಸೀರಿ. ಮದ್ಲಿನಂಗೇ ಮಾಡ್ರಿ, ಈಗಿಂದೀಗ!"

ಇಳಿದ ಸಿಟ್ಟು ಬಡ್ಡಿ ಸಮೇತ ನೆತ್ತಿಗೇರಿತು. ಅವರ ಮೇಜಿನಿಂದ ಪೆನ್ನು ತೆಗೆದುಕೊಂಡು ಬಾಗಿಲಿಗೆ ಹೋಗಿ ನೋಟಿಸಿನ ಕೆಳಗೆ ಬರೆದೆ: 'ಪ್ರಾಂಶುಪಾಲರು ಸರಿಯಾದ ಕಂಪ್ಯೂಟರ್ ತರತಕ್ಕದ್ದು.'

ಬರುವಾಗ, ಪೆನ್ನಿನ ಜೊತೆಗೇ ಎತ್ತಿಕೊಂಡಿದ್ದ ಅವರದೇ ಮೊಹರನ್ನೂ ಅದರ ಮೇಲೆ ಒತ್ತಿ ಬಂದೆ.