ಬುಧವಾರದ ಕಾರು

ಎಲ್ಡನ್: ಇದನ್ನ ಕಾರು ಅಂತಾರೇನೇ? ಚಕ್ರ ಕಟ್ಟಿರೋ ಫೋನು! ಬಿಸಿಗಾಳಿ ಬೇಕು ಅಂದ್ರೂ ಆ ಪರದೆ ಸವರ್ತಾ ಕೂರಬೇಕು.

ಡೊರೀನ್: ಸವರ್ತೀನಿ ಬಿಡಿ, ಕೈ ಸವೆಯಲ್ಲ. ಸೋಮವಾರ ಬೆಳಗ್ಗೆ ಆರಕ್ಕೆ ನಾನು ಬೇ ಸಿಟೀಲಿ ಇರಬೇಕು.

ಎಲ್ಡನ್: ಇರ್ತೀಯ. ನಾನೇ ಪಿಕಪ್ಪಲ್ಲಿ ಬಿಡ್ತೀನಿ.

ಡೊರೀನ್: ನೀವು ಏಳೋದೇ ಎಂಟಕ್ಕೆ!

ಮಿಶಿಗನ್ನಿನ ಸ್ಯಾಗಿನಾ ಊರಿನ ಅಂಚಿನಲ್ಲಿ ಗಸ್ ಎಂಬುವನ ಹಳೇ ಕಾರುಗಳ ಅಂಗಡಿ. ಏಪ್ರಿಲ್ ತಿಂಗಳ ಶನಿವಾರ. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಇನ್ನೂ ಕಾರುಗಳ ಹೊಟ್ಟೆಗೆ ಅಂಟಿಕೊಂಡಿತ್ತು. ಎಲ್ಡನ್ ಇಪ್ಪತ್ತೇಳು ವರ್ಷ ಕಾರ್ಖಾನೆಯಲ್ಲಿ ಬಾಗಿಲು ಕೂರಿಸಿ ನಿವೃತ್ತನಾದವನು. ಕೂರಿಸಿದ್ದು ಬಾಗಿಲು ಮಾತ್ರ, ಅಭಿಪ್ರಾಯ ಇಡೀ ಕಾರಿನ ಮೇಲೆ. ಡೊರೀನಳನ್ನು ಮದುವೆಯಾಗಿ ಮೂವತ್ತೊಂದು ವರ್ಷ. ಹೋದ ಸೆಪ್ಟೆಂಬರಿನಲ್ಲಿ ಅವಳ ಕಾರನ್ನು 'ತೊಲಗಿದರೆ ಸಾಕು' ಎಂದು ಇದೇ ಗಸ್‌ಗೆ ಮಾರಿದ್ದ. ಆಮೇಲೆ ಏಳು ತಿಂಗಳಲ್ಲಿ ಹತ್ತೊಂಬತ್ತು ಕಾರು ನೋಡಿ ಹತ್ತೊಂಬತ್ತನ್ನೂ ಬೈದಿದ್ದ. ಈಗ ಡೊರೀನಳಿಗೆ ಬೇ ಸಿಟಿಯ ವೃದ್ಧಾಶ್ರಮದ ಅಡುಗೆಮನೆಯ ಉಸ್ತುವಾರಿ ಸಿಕ್ಕಿತ್ತು. ಐವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಅವಳ ಕೈಕೆಳಗೆ ಆರು ಜನ.

ಡೊರೀನ್: ಆ ನೀಲಿ ಕಾರು?

ಎಲ್ಡನ್: ಅದರ ಗೇರು ರಬ್ಬರ್ ಬ್ಯಾಂಡ್ ಮೇಲೆ ನಡಿಯುತ್ತೆ.

ಡೊರೀನ್: ಆ ಬಿಳೀದು?

ಎಲ್ಡನ್: ನಲವತ್ತೆರಡು ಸಾವಿರ ಡಾಲರ್! ನಮ್ಮ ಮೊದಲನೇ ಮನೆಗೇ ಅಷ್ಟು ಕೊಟ್ಟಿರಲಿಲ್ಲ.

ಡೊರೀನ್: ಆ ಮನೆ ಬೇ ಸಿಟಿಗೆ ಹೋಗ್ತಿರಲಿಲ್ಲ ಕಣ್ರೀ.

ಎಲ್ಡನ್ ಆಗಲೇ ಸಾಲಿನ ಕೊನೆಯಲ್ಲಿದ್ದ ಉದ್ದನೆಯ ಹಸಿರು ಕಾರಿನ ಮುಂದೆ ದೇವರ ಮುಂದೆ ನಿಂತಂತೆ ನಿಂತುಬಿಟ್ಟಿದ್ದ. ಬಾಗಿಲು ತೆರೆದು ಮುಚ್ಚಿದ, ಮತ್ತೆ ತೆರೆದು ಮುಚ್ಚಿದ.

ಎಲ್ಡನ್: ಧಪ್! ಕೇಳಿಸ್ತಾ? ಇದು ಕಣೇ ಕಾರು! ಒತ್ತೋಕೆ ಗುಂಡಿ, ತಿರುಗಿಸೋಕೆ ತಿರುಗಣೆ. ಹಿಂಗೆ ಮಾಡೋದನ್ನೇ ಮರೆತುಬಿಟ್ರು ಈ ಕಂಪನಿಯೋರು.

ಡೊರೀನ್ ಒಳಗೆ ಬಗ್ಗಿದಳು. ಹಿಂದಿನ ಸೀಟಿನ ಮೂಲೆಯಲ್ಲಿ ಅಂಗೈಯಗಲದ ನೇರಳೆ ಕಲೆ. ಇದು ಅವಳೇ ಹನ್ನೊಂದು ವರ್ಷ ಓಡಿಸಿದ ಕಾರು! ಮಾರಿದ ದಿನ ನೋಡಲಾರದೆ ಅಡುಗೆಮನೆ ಸೇರಿ ಈರುಳ್ಳಿ ಹೆಚ್ಚುತ್ತ ಕೂತಿದ್ದಳು. ಗಸ್ ಟೀ ಬಣ್ಣದ ಮೇಲೆ ಹಸಿರು ಬಳಿದಿದ್ದ, ಅಷ್ಟೇ.

ಡೊರೀನ್: ರೀ, ಇದು ನಮ್ಮ ಹಳೇ ಕಾರಿನ ಥರಾನೇ ಇಲ್ವಾ?

ಎಲ್ಡನ್: ಮಾದರಿ ಅದೇ. ಆದ್ರೆ ನಮ್ಮದು ಸೋಮವಾರದ ಕಾರು.

ಡೊರೀನ್: ಹಾಗಂದ್ರೆ?

ಎಲ್ಡನ್: ಭಾನುವಾರ ಕುಡಿದೋರು ಸೋಮವಾರ ಬೋಲ್ಟು ಬಿಗೀತಾರಾ? ಶುಕ್ರವಾರ ಮನಸ್ಸೆಲ್ಲ ಮೀನಿನ ಗಾಳದ ಮೇಲೆ. ಮನುಷ್ಯ ನೆಟ್ಟಗೆ ಕೆಲಸ ಮಾಡೋದು ಬುಧವಾರ ಮಾತ್ರ. ಇದು ಅಪ್ಪಟ ಬುಧವಾರದ ಕಾರು!

ಡೊರೀನ್: ನಿಮ್ಮಮ್ಮ ನಿಮ್ಮನ್ನ ಹೆತ್ತಿದ್ದು ಸೋಮವಾರನೇ ಇರಬೇಕು.

ಅಷ್ಟರಲ್ಲಿ ಗಸ್ ಕಾಫಿ ಲೋಟ ಹಿಡಿದು ಬಂದ.

ಎಲ್ಡನ್: ಗಸ್, ಇದನ್ನ ಇಟ್ಕೊಂಡಿದ್ದೋನು ಪುಣ್ಯಾತ್ಮ ಕಣಯ್ಯ. ಮಗು ಥರ ಸಾಕಿದಾನೆ.

ಗಸ್: (ಡೊರೀನಳತ್ತ ಓರೆಗಣ್ಣಿಂದ ನೋಡಿ) ಸಾಕಿದ್ದು ಹೆಂಗಸು. ಮಾರಿದ್ದು ಅವಳ ಗಂಡ.

ಎಲ್ಡನ್: ಇಂಥದನ್ನ ಮಾರಿದ್ನಾ? ಶತಮೂರ್ಖ!

ಡೊರೀನ್: ಹೌದು. ನಂಗೂ ಪರಿಚಯ.

ಎಲ್ಡನ್: ಯಾರೇ ಅದು?

ಡೊರೀನ್: ಹಿಂದಿನ ಸೀಟು ನೋಡಿ, ಗೊತ್ತಾಗುತ್ತೆ.

ಎಲ್ಡನ್: ಏನಿದೆ? ಒಂದು ಕಲೆ. ಬ್ಲೂಬೆರಿ ಇರಬೇಕು. ನಿಮ್ಮಕ್ಕ ಮಾಡಿಕೊಟ್ಟ ಹಣ್ಣಿನ ಪೈ ಮೇಲೆ ನಾನು ಕೂತಾಗಲೂ ಹಿಂಗೇ...

ಬಾಯಿ ತೆರೆದಂತೆಯೇ ನಿಂತಿತು. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ.

ಎಲ್ಡನ್: ಲೋ ಗಸ್! ನನ್ನ ಹತ್ರ ಎರಡು ಸಾವಿರಕ್ಕೆ ಹೊಡ್ಕೊಂಡು, ಈಗ ಗಾಜಿನ ಮೇಲೆ ಆರು ಸಾವಿರದ ಎಂಟುನೂರು ಬರೆದಿದೀಯಾ?

ಗಸ್: ಇಂಜಿನ್ನಿಗೆ ದಮ್ಮು, ಬ್ರೇಕಿಗೆ ಸೋಮಾರಿತನ ಅಂದೋನು ಯಾರು? ನೀನೇ. ಅವತ್ತು ನಿನ್ನ ಮಾತು ನಂಬಿ ಕೊಂಡೆ, ಇವತ್ತೂ ನಿನ್ನ ಮಾತು ನಂಬಿ ಮಾರ್ತಿದೀನಿ. ನಾನು ಬಾಯೇ ಬಿಟ್ಟಿಲ್ಲ ಮಾರಾಯ!

ಎಲ್ಡನ್ ತೋಳೇರಿಸಿ ಜಗಳಕ್ಕೆ ಹೊರಟ. ಡೊರೀನ್ ಅವನ ಅಂಗಿಯ ತುದಿ ಜಗ್ಗಿದಳು.

ಡೊರೀನ್: ರೀ, ಅಲ್ಲಿ ಯಾರೋ ಗಂಡಹೆಂಡ್ತಿ ಆ ಬಿಳಿ ಗಾಡಿ ನೋಡ್ತಿದಾರೆ. ಪಾಪ, ಏನೂ ಗೊತ್ತಿಲ್ಲದೋರ ಹಾಗಿದಾರೆ.

ಎಲ್ಡನ್: ನಲವತ್ತೆರಡು ಸಾವಿರದ್ದಾ? ಅಯ್ಯೋ ದೇವರೇ!

ಸಿಟ್ಟು ಮರೆತು ಹೊರಟೇಬಿಟ್ಟ. ಎರಡು ನಿಮಿಷದಲ್ಲಿ ಆ ಗಂಡಸು ಬಿಳಿ ಗಾಡಿಯ ಮೇಲಿಟ್ಟಿದ್ದ ಕೈಯನ್ನು ಸುಟ್ಟುಕೊಂಡವನಂತೆ ಹಿಂದಕ್ಕೆಳೆದುಕೊಂಡ.

ಗಸ್: ಡೊರೀನ್, ಅವನನ್ನ ಕರಿ.

ಡೊರೀನ್: ಯಾಕೆ? ಮನೇಲಿ ಅವರಿಗೇನು ಕೆಲಸ? ನೀನು ಬಾಗಿಲು ಹಾಕೋ ತನಕ ಇಲ್ಲೇ ಇರ್ತಾರೆ.

ಗಸ್: ಆರು ಸಾವಿರ ಕೊಡು, ಕರಿ.

ಡೊರೀನ್: ನೋಡು, ಆ ನೀಲಿ ಕಾರಿನ ಹತ್ರ ಇನ್ನೊಂದು ಸಂಸಾರ ಬಂತು.

'ರಬ್ಬರ್ ಬ್ಯಾಂಡ್!' ಎಂಬ ಕೂಗು ಅಂಗಳದ ಆ ತುದಿಯಿಂದ ತೇಲಿ ಬಂತು. ಆ ಸಂಸಾರ ಬಂದ ದಾರಿಯಲ್ಲೇ ಹಿಂದೆ ಸರಿಯಿತು.

ಗಸ್: ಮೂರು ಸಾವಿರ! ನನ್ನ ಬಣ್ಣದ ಖರ್ಚಾದ್ರೂ ಹುಟ್ಟಲಿ ತಾಯಿ!

ಡೊರೀನ್: ಕಾಗದ ತಗೊಂಡು ಬಾ.

ಅರ್ಧ ಗಂಟೆಯ ಮೇಲೆ ಡೊರೀನ್ ಸ್ಟೀರಿಂಗ್ ಮುಂದೆ ಕೂತು ಎರಡೂ ಅಂಗೈಗಳಿಂದ ಅದನ್ನು ಒಮ್ಮೆ ಸವರಿದಳು. ಕಣ್ಣು ಸ್ವಲ್ಪ ತೇವವಾಯಿತು, ಒರೆಸಿಕೊಳ್ಳಲಿಲ್ಲ. ಪಿಕಪ್ಪನ್ನು ನಾಳೆ ಒಯ್ದರಾಯಿತು ಎಂದು ಎಲ್ಡನ್ ಬಲಗಡೆಯ ಸೀಟಿಗೆ ತೂರಿಕೊಂಡ. ಕಾರು ಹೆದ್ದಾರಿಗೇರಿ ಮೈಲಿ ದಾಟುವಷ್ಟರಲ್ಲಿ ಕಿವಿ ನಿಮಿರಿಸಿದ.

ಎಲ್ಡನ್: ಡೊರೀನ್, ಬಲಗಡೆಯಿಂದ ಒಂದೇ ಸಮನೆ ಕಿರಿಕಿರಿ. ನಿಂಗೆ ಕೇಳಿಸ್ತಿದೆಯಾ?

ಡೊರೀನ್: ಮೂವತ್ತೊಂದು ವರ್ಷದಿಂದ.