ರೈಲಿನ ಇನ್ನೊಂದು ಅರ್ಧ

ಹೆದರುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದರಲ್ಲಿ ನಾನು ಸ್ವಯಂಭೂ. ಲಿಫ್ಟು ಎರಡು ಮಹಡಿಗಳ ನಡುವೆ ಒಂದು ಕ್ಷಣ ತಡವರಿಸಿದರೆ ಸಾಕು, ನನ್ನ ಶ್ರದ್ಧಾಂಜಲಿ ಸಭೆಯ ಸ್ವಾಗತ ಭಾಷಣವನ್ನು ಮನಸ್ಸಿನಲ್ಲೇ ಮುಗಿಸಿರುತ್ತೇನೆ. ಬಹರೈನಿನಲ್ಲಿ ಹದಿನೆಂಟು ವರ್ಷ ನೆಮ್ಮದಿಯಿಂದಿದ್ದರೆ ಅದಕ್ಕೆ ಒಂದು ಕಾರಣ ಇಲ್ಲಿ ರೈಲಿಲ್ಲದಿರುವುದು. ಜಿಂಜ್ ಬಡಾವಣೆಯ ಮನೆಯಿಂದ ರಾಜಧಾನಿ ಮನಾಮಾದ ಆಫೀಸಿಗೆ ಕಾರು ಉಂಟು. ದಾರಿ ತಪ್ಪಿದರೂ ಕೊನೆಗೆ ಎದುರಾಗುವುದು ಸಮುದ್ರ. ಅಲ್ಲಿಂದ ತಿರುಗಿ ಬರಬಹುದು.

ನನ್ನ ಹೆಂಡತಿ ವಿನುತಾ ನರ್ಸು. ಅವಳಿಗೆ ಭಯವೆಂಬ ಅಂಗವನ್ನು ದೇವರು ಜೋಡಿಸಲು ಮರೆತಿದ್ದಾನೆ ಎಂದೇ ನಾನು ನಂಬಿದ್ದೆ. ಕಳೆದ ಬೇಸಿಗೆಯಲ್ಲಿ, ಹೊರಗೆ ಕಾಲಿಟ್ಟರೆ ಚಪ್ಪಲಿ ಮೆತ್ತಗಾಗುವ ದಿನಗಳಲ್ಲಿ, ಅವಳು ಘೋಷಿಸಿದಳು: "ಮಗಳಿಗೆ ಹನ್ನೆರಡು ತುಂಬಿತು, ಒಂದು ಸಲ ರೈಲಲ್ಲಿ ಕೂತದ್ದಿಲ್ಲ ಮಾರಾಯ್ರೆ. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಎಲ್ಲ ರೈಲಲ್ಲೇ ಸುತ್ತುವ."

"ಮಂಗಳೂರಿಂದ ಉಡುಪಿಗೆ ಹೋದ್ರೆ ಸಾಕಾಗುದಿಲ್ವಾ?" ಎಂದೆ. ಮಗಳು ಶ್ರೇಯಾ, "ಪಪ್ಪಾ, ಸೀರಿಯಸ್ಲಿ?" ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಹೊರಡುವ ಮುಂಚೆಯೇ ಮೂವರ ಪಾಸ್‌ಪೋರ್ಟುಗಳನ್ನೂ ಒಂದು ಚೀಲಕ್ಕೆ ಹಾಕಿ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡೆ. ಡೆನ್ಮಾರ್ಕಿನಿಂದ ಸ್ವೀಡನ್ನಿಗೆ ರೈಲು ಸಮುದ್ರದ ಮೇಲಿನ ಸೇತುವೆ ದಾಟುವಾಗ ಆ ಚೀಲವನ್ನೇ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ. ಸೌದಿಗೆ ಹೋಗುವ ಸೇತುವೆಯಲ್ಲಿ ಎಷ್ಟೋ ಸಲ ಓಡಾಡಿದವನು ನಾನು, ನಿಜ. ಆದರೆ ಅಲ್ಲಿ ಸ್ಟೇರಿಂಗ್ ನನ್ನ ಕೈಯಲ್ಲಿರುತ್ತದೆ.

ಸೇತುವೆ ದಾಟಿ ಎರಡು ಗಂಟೆಯಾದ ಮೇಲೆ ಟಾಯ್ಲೆಟ್ಟಿಗೆ ಎದ್ದೆ. ನಮ್ಮ ಡಬ್ಬಿಯದಕ್ಕೆ ಬೀಗ ಬಿದ್ದಿತ್ತು. ಹುಡುಕುತ್ತಾ ಮುಂದೆ ಮುಂದೆ ಹೋಗಿ, ಐದನೆಯ ಡಬ್ಬಿಯಲ್ಲಿ ಒಳಗೆ ಸೇರಿಕೊಂಡೆ. ಅಷ್ಟರಲ್ಲಿ ರೈಲು ಯಾವುದೋ ಊರಿನಲ್ಲಿ ನಿಂತಿತು. ಏನೋ ಘೋಷಣೆಯಾಯಿತು, ಅವರ ಭಾಷೆಯಲ್ಲಿ. ಏನೋ ಕಳಚಿದಂತೆ ಸದ್ದಾಯಿತು. ಮತ್ತೆ ಹೊರಟಿತು. ನಾನು ಕೈ ಒರೆಸಿಕೊಂಡು ಹಿಂದಕ್ಕೆ ನಡೆದೆ. ಎರಡು ಡಬ್ಬಿ ದಾಟಿದ ಮೇಲೆ ರೈಲೇ ಇರಲಿಲ್ಲ. ಗಾಜಿನಾಚೆ ಖಾಲಿ ಹಳಿಗಳು, ಎರಡೂ ಬದಿಗೆ ಕಪ್ಪು ಹಸಿರು ಕಾಡು, ಎಲ್ಲವೂ ನನ್ನಿಂದ ದೂರ ಓಡುತ್ತಿದ್ದವು. ಹೆಂಡತಿ, ಮಗಳು, ನಾಲ್ಕು ಸೂಟ್‌ಕೇಸ್, ಶ್ರೇಯಾಳ ಕೈಯಲ್ಲಿದ್ದ ನನ್ನ ಫೋನು, ಎಲ್ಲ ಹಿಂದಿನ ಅರ್ಧದಲ್ಲಿ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪೊಲೀಸರು ಪಾಸ್‌ಪೋರ್ಟಿಲ್ಲದ ಇಬ್ಬರು ಹೆಂಗಸರನ್ನು ಹಿಡಿದು ಕೂರಿಸಿದ್ದು ಕಣ್ಣ ಮುಂದೆ ಬಂತು. ಮರುಕ್ಷಣವೇ, ಕಾಣೆಯಾದ ಇಬ್ಬರು ಹೆಂಗಸರ ಪಾಸ್‌ಪೋರ್ಟು ಹೊಟ್ಟೆಗೆ ಕಟ್ಟಿಕೊಂಡು ಅಲೆಯುವ ಗಂಡಸು ಎಂದು ನನ್ನನ್ನೂ ಹಿಡಿದರು.

ಟಿಕೆಟ್ ನೋಡುವ ಎತ್ತರದ ಹೆಂಗಸು ಬಂದು ನನ್ನನ್ನು ಎಬ್ಬಿಸಿದಳು. ಆ ಊರಿನಲ್ಲಿ ರೈಲು ಎರಡಾಗುತ್ತದಂತೆ. ಮುಂದಿನ ಅರ್ಧ ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ. ಪ್ರತಿ ಬೇಸಿಗೆಯಲ್ಲೂ ಯಾರಿಗಾದರೂ ಹೀಗೆ ಆಗುತ್ತದೆ ಎಂದು ನಕ್ಕು, ತನ್ನ ಫೋನು ಕೊಟ್ಟು, "ಹೆಂಡತಿಗೆ ಫೋನು ಮಾಡಿ" ಎಂದಳು. ವಿನುತಾಳ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ; ಗಾಬರಿಯಲ್ಲಿ ನನ್ನದೂ ಮರೆತುಹೋಗಿತ್ತು. ಬರುತ್ತಿದ್ದದ್ದು ಒಂದೇ, ಮನಾಮಾದ ಆಫೀಸಿನದು.

ಅಂದು ಭಾನುವಾರ, ಬಹರೈನಿನಲ್ಲಿ ಕೆಲಸದ ದಿನ. ಫೋನೆತ್ತಿದವನು ಸಹೋದ್ಯೋಗಿ ಹಮೀದ್, ಉಳ್ಳಾಲದವನು. "ಎಂತ ಸಾರ್, ರಜೆಯಲ್ಲೂ ಆಫೀಸಿನ ನೆನಪಾ?"

"ಹಮೀದ್, ನನ್ನ ಹೆಂಡತಿ ಹೋದಳು!"

"ಇನ್ನಾಲಿಲ್ಲಾಹಿ! ಯಾವಾಗ ಸಾರ್?"

"ಸತ್ತದ್ದಲ್ಲ ಮಾರಾಯ, ರೈಲಲ್ಲಿ ಹೋದಳು! ನನ್ನ ಫೈಲಿನಲ್ಲಿ ಅವಳ ನಂಬರುಂಟು. ಹಿಂದಿನ ಸ್ಟೇಷನ್ನಿಗೆ ವಾಪಸ್ ಬರ್ಲಿಕ್ಕೆ ಹೇಳು."

ಹಮೀದ್ ಫೋನು ಮಾಡಿದಾಗ ವಿನುತಾ, "ಅವರು ಟಾಯ್ಲೆಟ್ಟಿಗೆ ಹೋಗಿದ್ದಾರೆ, ಬಂದ ಮೇಲೆ ಮಾಡಿಸ್ತೇನೆ" ಎಂದಳಂತೆ. "ಅವರು ಆ ರೈಲಲ್ಲೇ ಇಲ್ಲ ಮೇಡಂ" ಎಂದು ಸಾವಿರಾರು ಮೈಲಿ ದೂರದ ಮನಾಮಾದಿಂದ ಹಮೀದ್ ತಿಳಿಸಬೇಕಾಯಿತು.

ಮುಂದಿನ ನಿಲ್ದಾಣದಲ್ಲಿಳಿದು ವಾಪಸ್ಸು ಹೋಗುವ ರೈಲಿಗೆ ಒಂದು ಗಂಟೆ ಕಾದೆ. ನರಪಿಳ್ಳೆಯಿಲ್ಲ. ಬಹರೈನಿನಲ್ಲಿ ಏಸಿಯ ಗುಂಯ್ ಸದ್ದಾದರೂ ಜೊತೆಗಿರುತ್ತದೆ. ಇಲ್ಲಿ ಅದೂ ಇರಲಿಲ್ಲ. ಪೊದೆಯೊಂದು ಅಲುಗಿದಾಗ ಬೆಂಚಿನ ಮೇಲೆ ಹತ್ತಿ ನಿಂತೆ. ಹೊರಬಂದದ್ದು ಮೊಲ.

ರೈಲು ಎರಡಾದ ಊರಿನಲ್ಲಿ ನಾನಿಳಿದಾಗ ಅವರಿಬ್ಬರೂ ಮೊದಲೇ ಬಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ವಿನುತಾ ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದಳು; ನಾಡಿ ನೋಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಡುಗುತ್ತಿದ್ದದ್ದು ಅವಳ ಕೈ.

"ನೀನೂ ಹೆದರಿದೆಯಾ?"

"ನಮಗೇನಾಗ್ತದೆ? ನೀವೊಬ್ರೇ ಹೆದರಿ ಎಂತ ಮಾಡ್ಕೊಳ್ತೀರೋ ಅಂತ ಹೆದರಿದ್ದು."

ಹದಿನಾರು ವರ್ಷದ ಸಂಸಾರದಲ್ಲಿ ಅವಳು ಹೆದರಿದ್ದನ್ನು ಕಂಡದ್ದು ಅದೇ ಮೊದಲು. ನನಗೆ ಸ್ವಲ್ಪ ಹೆಮ್ಮೆಯೇ ಆಯಿತೆನ್ನಬೇಕು.

ಉಳಿದ ಹತ್ತು ದಿನ ನಾರ್ವೆಯ ಬೆಟ್ಟ, ಜಲಪಾತ, ಮುಳುಗಲೊಲ್ಲದ ಸೂರ್ಯ, ಎಲ್ಲ ನೋಡಿದೆವು. ಪ್ರತಿ ರೈಲಿನಲ್ಲೂ ನಾನು ಟಾಯ್ಲೆಟ್ಟಿಗೆ ಹೋದಾಗ ವಿನುತಾ ಬಾಗಿಲ ಹೊರಗೆ ಕಾವಲು ನಿಂತಳು. ಐವತ್ತು ದಾಟಿದ ಗಂಡಸನ್ನು ಇಷ್ಟೂ ನಂಬದ ಹೆಂಗಸು ಎಂದು ಈಗ ಮನಾಮಾದ ಗೆಳೆಯರೆಲ್ಲ ಅವಳನ್ನು ಛೇಡಿಸುತ್ತಾರೆ. ಅವಳು ಸುಮ್ಮನೆ ನಗುತ್ತಾಳೆ. ನಿಲ್ಲೆಂದು ಅಂಗಲಾಚಿದವನು ನಾನೇ, ಒಳಗಿಂದ ಎರಡೆರಡು ನಿಮಿಷಕ್ಕೆ "ಇದ್ದೀಯಾ?" ಎಂದು ಕೂಗುತ್ತಿದ್ದವನೂ ನಾನೇ ಎಂಬುದನ್ನು ಅವಳು ಇದುವರೆಗೆ ಯಾರಿಗೂ ಹೇಳಿಲ್ಲ.